ಚೌಕ ಬಿಲ್ಲೆಗಳು

ನಮ್ಮ ಸ್ಕೆಲ್‌ಬರ್ನ್‌ನಲ್ಲಿ ವೋಟು ಹಾಕುವಾಗ ಯಾರೂ ಕೈ ಎತ್ತುವುದಿಲ್ಲ. ಚೀಟಿಯೂ ಇಲ್ಲ. ಹಿತ್ತಾಳೆಯ ಬಿಲ್ಲೆ ಹಾಕುತ್ತಾರೆ.

ಕಲ್ಲಿದ್ದಲ ಗಣಿ ನಡೆಯುತ್ತಿದ್ದಾಗ ಪ್ರತಿ ಆಳಿಗೂ ಎರಡು ಬಿಲ್ಲೆ ಇರುತ್ತಿದ್ದವು. ಒಂದು ದುಂಡು, ಒಂದು ಚೌಕ, ಎರಡರ ಮೇಲೂ ಅದೇ ನಂಬರು. ಇಳಿಯುವ ಮುಂಚೆ ದುಂಡು ಬಿಲ್ಲೆಯನ್ನು ದೀಪದ ಕೋಣೆಯ ಹಲಗೆಗೆ ತೂಗುಹಾಕಬೇಕು. ಚೌಕವನ್ನು ಜೇಬಿನಲ್ಲಿಟ್ಟುಕೊಂಡು ಕೆಳಗೆ ಹೋಗಬೇಕು. ಮೇಲೆ ಬಂದ ಮೇಲೆ ಚೌಕ ಕೊಟ್ಟು ದುಂಡು ವಾಪಸ್ ತೆಗೆದುಕೊಳ್ಳಬೇಕು. ಪಾಳಿ ಮುಗಿದ ಮೇಲೂ ಹಲಗೆಯಲ್ಲಿ ದುಂಡು ಬಿಲ್ಲೆ ತೂಗುತ್ತಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ಅವನು ಬರುವವರೆಗೂ ದೀಪದ ಕೋಣೆಯವನು ಮನೆಗೆ ಹೋಗುವಂತಿಲ್ಲ.

ಗಣಿ ಮುಚ್ಚಿದ ವರ್ಷ ಚೌಕ ಬಿಲ್ಲೆಗಳನ್ನೆಲ್ಲ ಕರಗಿಸಲು ಒಯ್ದರು. ದುಂಡನ್ನು ನೆನಪಿಗೆ ಇಟ್ಟುಕೊಳ್ಳಿ ಎಂದು ಆಳುಗಳಿಗೆ ಬಿಟ್ಟರು. ಈಗ ಮನೆಗೊಂದು ದುಂಡು ಬಿಲ್ಲೆ ಇದೆ. ಮನೆಗೊಂದು ವೋಟು.

ಹಳೆಯ ಹಲಗೆ ನಮ್ಮ ವೆಲ್ಫೇರ್ ಹಾಲಿನ, ಅಂದರೆ ಊರಿನ ಸಭಾಂಗಣದ, ಗೋಡೆಯಲ್ಲಿದೆ. ಮುನ್ನೂರು ಕೊಕ್ಕೆ ಖಾಲಿ, ಒಂಬತ್ತರಲ್ಲಿ ಮಾತ್ರ ದುಂಡು ಬಿಲ್ಲೆ. ೧೯೫೧ರಲ್ಲಿ ಉತ್ತರದ ಸುರಂಗದಲ್ಲಿ ಅನಿಲ ಸಿಡಿದು ಬೆಂಕಿ ಹತ್ತಿತು. ಮೂರನೆಯ ದಿನ ಇಟ್ಟಿಗೆ, ಮರಳು ಹಾಕಿ ಸುರಂಗದ ಬಾಯಿ ಮುಚ್ಚಿದರು. ಗಾಳಿ ಸಿಗದಿದ್ದರೆ ಬೆಂಕಿ ಸಾಯುತ್ತದೆ. ಒಳಗೆ ಒಂಬತ್ತು ಜನ ಇದ್ದರು. ಅವರನ್ನು ಯಾರೂ ಹೊರಗೆ ತೆಗೆಯಲಿಲ್ಲ. ಆ ಒಂಬತ್ತು ಬಿಲ್ಲೆಗಳನ್ನು ತಿಂಗಳಿಗೊಮ್ಮೆ ಉಜ್ಜಿ ಹೊಳಪು ತರುವುದು ನನ್ನ ಕೆಲಸವಾಗಿತ್ತು.

ನನ್ನ ಉಳಿದ ಕೆಲಸ ಲೈಬ್ರರಿ. ಹಾಲಿನ ಹಿಂಭಾಗದ ಎರಡು ಕೋಣೆ, ವಾರಕ್ಕೆ ಮೂರು ದಿನ, ಕೌನ್ಸಿಲ್ ಸಂಬಳ. ನನಗೆ ಇಪ್ಪತ್ತಾರು. ನಮ್ಮ ಊರಲ್ಲಿ ಈ ವಯಸ್ಸಿಗೆ ಸಂಬಳ ಬರುವ ಕೆಲಸ ಇರುವವರು ಎಷ್ಟು ಜನ ಎಂದು ಕೇಳಿದರೆ ಕೈಬೆರಳು ಮಿಗುತ್ತವೆ.

ಆ ಮಾರ್ಚಿನಲ್ಲಿ ಕೌನ್ಸಿಲ್ ಪತ್ರ ಕಳಿಸಿತು. ಹಾಲು ನಡೆಸಲು ನಮ್ಮಿಂದ ಆಗುವುದಿಲ್ಲ, ಊರಿನವರು ಸ್ವಯಂಸೇವಕರಾಗಿ ನಡೆಸುವುದಾದರೆ ಕಟ್ಟಡ ಬಿಟ್ಟುಕೊಡುತ್ತೇವೆ, ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ. ಊರು ‘ಹೌದು’ ಎಂದರೆ ಹಾಲು ಉಳಿಯುತ್ತದೆ, ನನ್ನ ಕೆಲಸ ಹೋಗುತ್ತದೆ. ಪುಕ್ಕಟೆ ಪುಸ್ತಕ ಕೊಡುವವರಿರುವಾಗ ನನಗೇಕೆ ಸಂಬಳ? ‘ಬೇಡ’ ಎಂದರೆ ಹಾಲಿನ ಬಾಗಿಲು ಕಿಟಕಿಗೆ ಹಲಗೆ ಬಡಿದು ಮುಚ್ಚುತ್ತಾರೆ, ನನ್ನನ್ನು ಪಟ್ಟಣದ ದೊಡ್ಡ ಲೈಬ್ರರಿಗೆ ವರ್ಗ ಮಾಡುತ್ತಾರೆ. ವರ್ಗದ ಕಾಗದ ಆಗಲೇ ನನ್ನ ಚೀಲದಲ್ಲಿತ್ತು. ತಾರೀಕು ಮಾತ್ರ ಖಾಲಿ.

ಸಭೆ ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ. ತಾತ ಆರಕ್ಕೇ ಎದ್ದು ಕೋಟು ಹಾಕಿಕೊಂಡು ಅಡುಗೆಮನೆಯಲ್ಲಿ ಕೂತಿದ್ದ.

ನನ್ನ ತಾತ ವಿಲ್ಫ್ ರೇನ್. ಎಂಬತ್ನಾಲ್ಕು ವರ್ಷ. ಗಣಿ ಕಾರ್ಮಿಕರ ಸಂಘದ ಕೊನೆಯ ಕಾರ್ಯದರ್ಶಿ. ಗಣಿ ಹೋಗಿ ಇಪ್ಪತ್ತಾರು ವರ್ಷವಾದರೂ ಯಾರೂ ಅವನನ್ನು ಆ ಹುದ್ದೆಯಿಂದ ಇಳಿಸಿರಲಿಲ್ಲ. ಇಳಿಸಲು ಸಭೆ ಕರೆಯಬೇಕು, ಸಭೆ ಕರೆಯಬೇಕಾದವನು ಕಾರ್ಯದರ್ಶಿ.

"ಭಾಷಣ ಬರೆದಿದ್ದೀಯಾ ತಾತ?"

"ಬರೆಯೋದು ಯಾತಕ್ಕೆ? ಅರವತ್ತು ವರ್ಷದಿಂದ ಅದೇ ಭಾಷಣ. ಹೆಸರು ಬದಲಾಯಿಸಿದರೆ ಸಾಕು."

"ಬೇಡ ಅನ್ನೋದು ಗೆದ್ದರೆ ಹಾಲು ಹೋಗುತ್ತೆ."

"ನಿನ್ನ ಕೆಲಸ ಉಳಿಯುತ್ತೆ."

"ಹಾಲು ಉಳಿಸ್ತೀನಿ ಅನ್ನೋ ಮೊರೀನ್ ಏನಂತಾಳೆ ಗೊತ್ತಾ? ವಿಲ್ಫ್‌ಗೆ ಸಮಾಜವಾದ ಅಂದ್ರೆ ಮೊಮ್ಮಗಳ ಸಂಬಳ ಅಂತೆ."

ತಾತ ಚಹ ಹೀರಿದ. "ಇನ್ನೊಬ್ಬನ ಕೂಲಿ ಕೆಲಸ ಪುಕ್ಕಟೆ ಮಾಡೋದು ದ್ರೋಹ. ಅದು ಮೊಮ್ಮಗಳಾದರೂ ಅಷ್ಟೇ, ಮೊರೀನಳ ಬೆಕ್ಕಾದರೂ ಅಷ್ಟೇ. ಬ್ರೆಡ್ಡು ತಿನ್ನು ಮರಿ."

ಹಾಲಿನೊಳಗೆ ಕೊರೆಯುವ ಚಳಿ. ಮಂಗಳವಾರವೇ ಬಾಯ್ಲರಿನ ಎಣ್ಣೆ ಮುಗಿದಿತ್ತು, ಕೌನ್ಸಿಲ್ ಹೊಸದು ಕಳಿಸಿರಲಿಲ್ಲ. ಜನ ಕೋಟು, ಮಫ್ಲರಿನಲ್ಲೇ ಕೂತರು. ಆ ಚಳಿಯಲ್ಲೂ ಗೋಡೆಯುದ್ದದ ಕೊಳವೆ ಒಂದು ಸಲ ‘ಟಕ್’ ಎಂದದ್ದು ನನಗೆ ಕೇಳಿಸಿತು. ಆ ಕೊಳವೆಗಳು ಯಾವಾಗಲೂ ಸದ್ದು ಮಾಡುತ್ತಿದ್ದವು. ಗಣಿಯಲ್ಲಿ ಬೇಡವಾದ ಕಬ್ಬಿಣದ ಕೊಳವೆಗಳನ್ನೇ ತಂದು ಹಾಕಿದ್ದರು. ಬಿಸಿನೀರು ಹರಿದರೆ ಕಬ್ಬಿಣ ಹಿಗ್ಗುತ್ತದೆ, ಬಡಿಯುತ್ತದೆ. ಅದರಲ್ಲಿ ವಿಶೇಷವೇನಿಲ್ಲ. ಅವತ್ತು ಬಿಸಿನೀರು ಇರಲಿಲ್ಲ, ಅಷ್ಟೇ.

ಎಣಿಸುವವಳು ನಾನು. ಬಿಲ್ಲೆ ಇಲ್ಲದವರೇ ಎಣಿಸಬೇಕೆಂಬುದು ಈಗಿನ ನಿಯಮ, ನಮ್ಮ ಮನೆಯ ಬಿಲ್ಲೆ ತಾತನದು. ಓಕ್ ಮರದ ಪೆಟ್ಟಿಗೆಗೆ ಎರಡು ಸೀಳು, ಒಳಗೆ ಎರಡು ಗೂಡು. ಎಡಗಡೆ ಹೌದು, ಬಲಗಡೆ ಬೇಡ. ಎಲ್ಲರೆದುರಿಗೆ ಅದನ್ನು ಬೋರಲು ಹಾಕಿ ಅಲುಗಾಡಿಸಿ ತೋರಿಸಿದೆ. ಒಂದು ಸತ್ತ ಜೇಡ ಬಿತ್ತು.

"ಅದು ಕೌನ್ಸಿಲ್‌ನೋರದು, ವಾಪಸ್ ಕೊಡು," ಎಂದು ಯಾರೋ ಕೂಗಿದರು. ನಗು. ಬೀಗ ಹಾಕಿ ಕೀಲಿಯನ್ನು ಕೊರಳಿಗೆ ಹಾಕಿಕೊಂಡೆ.

ಕೌನ್ಸಿಲಿನಿಂದ ಪೆಲ್ ಎಂಬಾತ ಬಂದಿದ್ದ. ಒಳ್ಳೆಯ ಬೂಟು, ಒಳ್ಳೆಯ ಹಲ್ಲು. "ಇದನ್ನ ಮುಚ್ಚೋದು ಅಂತ ದಯವಿಟ್ಟು ತಿಳ್ಕೋಬೇಡಿ," ಎಂದ. "ಇದು ಸಮುದಾಯಕ್ಕೆ ಹಸ್ತಾಂತರ."

"ಹಸ್ತ ನಿಮ್ಮದು, ಅಂತರ ನಮ್ಮದು!" ಹಿಂದಿನ ಸಾಲು.

ಅಧ್ಯಕ್ಷೆ ಮೊರೀನ್ ಟುಲಿಪ್ ಮೇಜು ಗುದ್ದಿದಳು. ಅರವತ್ತೇಳು ವರ್ಷದ ದಪ್ಪ ಹೆಂಗಸು. ೧೯೮೪ರ ಗಣಿ ಮುಷ್ಕರದಲ್ಲಿ ಇದೇ ಹಾಲಿನಲ್ಲಿ ದಿನಕ್ಕೆ ಮುನ್ನೂರು ಜನಕ್ಕೆ ಊಟ ಹಾಕಿದವಳು. "ಮಾತಾಡೋ ಮನುಷ್ಯನಿಗೆ ಮಾತಾಡೋಕೆ ಬಿಡ್ರೋ. ಆಮೇಲೆ ಬೈಯೋಕೆ ಇದ್ದೇ ಇದೆ."

ಪೆಲ್ ಮುಗಿಸಿದ ಮೇಲೆ ತಾತ ಎದ್ದು ನಿಂತ.

"ಈ ಹಾಲು ಕಟ್ಟಿದ್ದು ಯಾರು? ನಮ್ಮಪ್ಪಂದಿರು, ವಾರಕ್ಕೊಂದು ಪೆನ್ನಿ ಹಾಕಿ. ಆಮೇಲೆ ಕೌನ್ಸಿಲಿಗೆ ಯಾಕೆ ಕೊಟ್ಟೆವು? ಬಡವರ ಪೆನ್ನಿಯಿಂದ ಲೈಬ್ರರಿ ನಡೆಯಬಾರದು, ಎಲ್ಲರ ತೆರಿಗೆಯಿಂದ ನಡೀಬೇಕು, ಲಂಡನ್ನಿನ ಸಾಹುಕಾರನ ತೆರಿಗೆಯಿಂದಲೂ ನಡೀಬೇಕು ಅಂತ. ಅದು ಭಿಕ್ಷೆ ಅಲ್ಲ, ಹಕ್ಕು. ಈಗ ಸಾಕಿದ ನಾಯಿ ಮುದಿಯಾಯ್ತು ಅಂತ ನಮ್ಮ ಬಾಗಿಲಿಗೆ ತಂದು ಕಟ್ಟುತಾ ಇದ್ದಾರೆ. ಇವತ್ತು ಲೈಬ್ರರಿ ಪುಕ್ಕಟೆ ನಡೆಸಿ ತೋರಿಸಿ. ನಾಳೆ ಬಸ್ಸು. ನಾಳಿದ್ದು ನರ್ಸು. ಉಪ್ಪಿನಕಾಯಿ ಮಾರಿದ ದುಡ್ಡಲ್ಲಿ ಆಸ್ಪತ್ರೆ ನಡೆಯುತ್ತೇನು?"

"ನಾನು ಎಂಬತ್ನಾಲ್ಕರಲ್ಲಿ ಪುಕ್ಕಟೆ ಸೂಪು ಬಡಿಸಿದೆ ವಿಲ್ಫ್," ಎಂದಳು ಮೊರೀನ್. "ನಾನೂ ದ್ರೋಹಿನಾ?"

"ನೀನು ಬಡಿಸಿದ್ದು ನಮ್ಮ ಕಡೆಯವರಿಗೆ. ಈಗ ಬಡಿಸ್ತೀನಿ ಅಂತಿರೋದು ಕೌನ್ಸಿಲಿಗೆ."

"ಕೌನ್ಸಿಲ್ ಇಲ್ಲಿಗೆ ಬಂದು ಕಾಲುಗುರು ಕತ್ತರಿಸ್ಕೊಳ್ಳುತ್ತಾ? ಮಂಗಳವಾರ ನರ್ಸ್ ಹತ್ರ ಕಾಲು ತೋರಿಸೋಕೆ ಬರೋದು ನಮ್ಮ ಮುದುಕಿಯರು. ಸಂಜೆ ಬೆಚ್ಚಗೆ ಕೂತ್ಕೊಳ್ಳೋಕೆ ಬೇರೆ ಜಾಗ ಇಲ್ಲದೆ ಬರೋದು ನಮ್ಮ ಮಕ್ಕಳು. ನಿನ್ನ ಸಿದ್ಧಾಂತ ಬ್ರೆಡ್ಡಿಗೆ ಹಚ್ಚಿ ಕೊಡಲಾ ಅವರಿಗೆ?"

"ಹಚ್ಚು. ಬೆಣ್ಣೆಗಿಂತ ಜಾಸ್ತಿ ದಿನ ಬರುತ್ತೆ."

ಗೋಡೆಯ ಬದಿಯಿಂದ ಡೆರೆಕ್ ಹೈಂಡ್ ಕೆಮ್ಮಿದ. ಅವನ ಸುತ್ತ ನಾಲ್ಕು ಕುರ್ಚಿ ಖಾಲಿ. ಮುಷ್ಕರದ ಹತ್ತನೆಯ ತಿಂಗಳಲ್ಲಿ ಹೆಂಡತಿಗೆ ಹೊಟ್ಟೆಯ ಕಾಯಿಲೆ ಎಂದು ಮುಷ್ಕರ ಮುರಿದು ಕೆಲಸಕ್ಕೆ ಮರಳಿದವನು. ಅಂದಿನಿಂದ ಊರಲ್ಲಿ ಯಾರೂ ಅವನ ಜೊತೆ ಕುಡಿದಿಲ್ಲ. ಆದರೆ ಬಿಲ್ಲೆ ಇದೆ, ಆದ್ದರಿಂದ ವೋಟಿದೆ.

"ನಾನೊಂದು ಮಾತು..."

"ಬಾಯಿ ಮುಚ್ಚೋ!"

"ಇಪ್ಪತ್ತೆಂಟು ವರ್ಷ ಮುಚ್ಚಿದ್ದೀನಲ್ಲ. ಎಲ್ಲರ ಗಣಿ, ಎಲ್ಲರ ಗಣಿ ಅಂತ ನಲವತ್ತೇಳರಲ್ಲಿ ಸರ್ಕಾರ ಗಣಿ ವಹಿಸಿಕೊಂಡಾಗ ಬಾವುಟ ಹಾರಿಸಿದಿರಿ. ಮಾರನೆ ದಿನ ಅದೇ ಮ್ಯಾನೇಜರು, ಅದೇ ಕಾರು. ಬಾಗಿಲು ಮುಚ್ಚೋ ಮುಂಚೆ ಸಂಘ ಯಾವಾಗಲೂ ವೋಟು ಹಾಕುತ್ತೆ. ಆಮೇಲೆ ಮುಚ್ಚುತ್ತೆ. ಐವತ್ತೊಂದರಲ್ಲೂ ಹಾಗೇ ಅಲ್ವಾ? ನಮ್ಮ ಚಿಕ್ಕಪ್ಪ ಆ ಒಂಬತ್ತರಲ್ಲಿ ಒಬ್ಬ."

ಸುರಂಗ ಮುಚ್ಚಲು ಹಾಕಿದ ಆ ವೋಟಿನ ಮಾತು ಊರಲ್ಲಿ ಯಾರೂ ಎತ್ತುವುದಿಲ್ಲ. ತಾತನ ಮುಖ ನೋಡಿದೆ. ಅವನು ಹಲಗೆ ನೋಡುತ್ತಿದ್ದ.

"ವೋಟು," ಎಂದಳು ಮೊರೀನ್.

ರಿಜಿಸ್ಟರಿನಲ್ಲಿ ಅರವತ್ನಾಲ್ಕು ಸಹಿ. ಸಾಲಾಗಿ ಬಂದರು. ಹಿತ್ತಾಳೆ ಮರಕ್ಕೆ ಬಿದ್ದು ಸದ್ದಾಗುತ್ತಿತ್ತು. ನಾನು ಮನಸ್ಸಿನಲ್ಲೇ ಎಣಿಸಿದೆ. ಅರವತ್ನಾಲ್ಕನೆಯದು ತಾತನದು. ಅವನು ಹಾಕಿ ಕೈ ತೆಗೆದ ಮೇಲೂ ಒಳಗೆ ಏನೋ ಬೀಳುತ್ತಿರುವಂತೆ ಸದ್ದು ಬಂತು. ಬಿಲ್ಲೆಗಳು ಜಾರಿರಬೇಕು ಅಂದುಕೊಂಡೆ.

ಎಣಿಸುವುದು ಪಕ್ಕದ ಸಮಿತಿ ಕೋಣೆಯಲ್ಲಿ, ನಾನು ಮತ್ತು ಕಾರ್ಯದರ್ಶಿಯಾದ ತಾತ ಇಬ್ಬರೇ. ಪೆಟ್ಟಿಗೆ ಎತ್ತಿದಾಗ ಭಾರ ಜಾಸ್ತಿ ಅನ್ನಿಸಿತು. ಎಡಮಗ್ಗುಲಿಗೆ ವಾಲುತ್ತಿತ್ತು.

ಬಲಗೂಡು ಮೊದಲು ತೆಗೆದೆ. ಬೇಡ, ಮೂವತ್ತಮೂರು. ಎಡಗೂಡು ಸುರಿದೆ. ಹೌದು, ದುಂಡು ಬಿಲ್ಲೆ ಮೂವತ್ತೊಂದು. ಒಟ್ಟು ಅರವತ್ನಾಲ್ಕು. ಸರಿಹೋಯಿತು. ನನ್ನ ಕೆಲಸ ಉಳಿದಿತ್ತು.

ಆದರೆ ಎಡಗೂಡಿನ ತಳದಲ್ಲಿ ಇನ್ನೂ ಏನೋ ಅಂಟಿಕೊಂಡಿತ್ತು. ಕೈ ಹಾಕಿದೆ. ಬೆರಳು ಒದ್ದೆಯಾಯಿತು. ಒಂದೊಂದಾಗಿ ಮೇಜಿನ ಮೇಲಿಟ್ಟೆ. ಒಂಬತ್ತು. ಕಪ್ಪು ಕೆಸರು ಮೆತ್ತಿದ್ದ ಹಿತ್ತಾಳೆ. ಎಲ್ಲವೂ ಚೌಕ.

"ಯಾರದ್ದೋ ಕಿತಾಪತಿ," ಎಂದೆ. "ಎಲ್ಲಿಂದಲೋ ಚೌಕ ಬಿಲ್ಲೆ ಹುಡುಕಿ..." ಮಾತು ಅಲ್ಲೇ ನಿಂತಿತು. ಪೆಟ್ಟಿಗೆ ಖಾಲಿ ಮಾಡಿ ತೋರಿಸಿದವಳು ನಾನೇ. ಬಂದವರೆಲ್ಲ ಒಂದೊಂದೇ ಹಾಕಿದ್ದನ್ನು ನೋಡಿದವಳೂ ನಾನೇ.

ತಾತ ಕರವಸ್ತ್ರದಿಂದ ಒಂದನ್ನು ಒರೆಸಿದ. ೨೧೭. ಮೂಲೆ ಬಗ್ಗಿತ್ತು. ಅದನ್ನು ಬೆರಳಿನಿಂದ ಸವರಿ ಅಲ್ಲೇ ಕುಸಿದು ಕೂತ.

"ಜಾಸ್ ಕೆಲ್," ಎಂದ. "ಹೊಗೆಸೊಪ್ಪಿನ ಡಬ್ಬಿಯ ಮುಚ್ಚಳ ಇದರಲ್ಲೇ ಮೀಟಿ ತೆಗೆಯುತ್ತಿದ್ದ. ಬಗ್ಗಿಸಬೇಡ, ದಂಡ ಹಾಕ್ತಾರೆ ಕಣೋ ಅಂತ ದಿನಾ ಬೈತಿದ್ದೆ."

ಇನ್ನೆಂಟನ್ನು ಒರೆಸುವ ಅಗತ್ಯವಿರಲಿಲ್ಲ, ಆದರೂ ನಾನು ಒರೆಸಿದೆ. ಆ ನಂಬರುಗಳು ನನಗೆ ಬಾಯಿಪಾಠ. ತಿಂಗಳಿಗೊಮ್ಮೆ ಅವುಗಳ ಜೋಡಿಯನ್ನು ಉಜ್ಜುತ್ತಿದ್ದೆನಲ್ಲ.

"ಇವು ಅವರ ಜೇಬಲ್ಲಿದ್ದವು," ಎಂದೆ.

"ಹೌದು."

"ಅವರ ಜೇಬು ಕೆಳಗಿದೆ."

"ಹೌದು ಅಂದೆನಲ್ಲ."

ಬಾಗಿಲಾಚೆ ಕಪ್ಪು ತಟ್ಟೆಗಳ ಸದ್ದು, ಯಾರದ್ದೋ ನಗು. ಕಿಟಕಿಯಲ್ಲಿ ಹಗಲು ಬೆಳಕು. ತಾತನ ಬಾಯಿಂದ ಉಗಿ ಬರುತ್ತಿತ್ತು.

"ಮುಚ್ಚೋ ಮುಂಚೆ ಗಾಳಿ ಕೊಳವೆಗೆ ಕಿವಿ ಕೊಟ್ಟು ಕೇಳೋಕೆ ನನ್ನನ್ನ ಕೂರಿಸಿದ್ದರು," ಎಂದ. "ಇಪ್ಪತ್ತಮೂರು ವಯಸ್ಸು, ಎಳೆಯ ಕಿವಿ. ಮೂರನೆ ದಿನ ಬೆಳಿಗ್ಗೆ. ಯಾರಾದರೂ ಇದ್ದಾರಾ ಅಂತ ಮ್ಯಾನೇಜರು ಮೂರು ಸಲ ಕೇಳಿದ. ಯಾರೂ ಇಲ್ಲ ಅಂದೆ. ಸಂಘದ ಸಭೇಲೂ ಅದನ್ನೇ ಅಂದೆ. ಈ ಹಾಲಲ್ಲೇ. ವೋಟು ಎಣಿಸಿದ್ದೂ ನಾನೇ."

"ಸದ್ದು ಬಂದಿತ್ತಾ?"

"ಮೂರು ಸಲ."

ಕಲ್ಲಿದ್ದಲ ಊರಲ್ಲಿ ಹುಟ್ಟಿದವರಿಗೆ ಅದನ್ನು ವಿವರಿಸಬೇಕಿಲ್ಲ. ಒಂದು ಬಡಿತ ಎಂದರೆ ನಿಲ್ಲಿಸು. ಎರಡು, ಇಳಿಸು. ಮೂರು ಎಂದರೆ ಗಣಿಯಿಂದ ಮೇಲೇರಿಸುವ ಕೇಜಿನಲ್ಲಿ ಸರಕಲ್ಲ, ಜನ ಇದ್ದಾರೆ, ನಿಧಾನವಾಗಿ ಮೇಲೆಳೆ.

"ಯಾಕೆ ತಾತ?"

"ಮುಂದಿನ ರಕ್ಷಣಾ ತಂಡ ಸಿದ್ಧವಾಗಿ ನಿಂತಿತ್ತು. ಹನ್ನೆರಡು ಜನ. ಒಳಗೆ ಅನಿಲ ತುಂಬಿತ್ತು, ಹೋದವರು ಬರ್ತಿರಲಿಲ್ಲ. ಮೂರನೆಯವನು ನನ್ನ ತಮ್ಮ."

ಆ ತಮ್ಮ ಸ್ಟಾನ್ ಅಜ್ಜ. ನನಗೆ ಎಂಟು ವರ್ಷವಾಗುವವರೆಗೂ ಬದುಕಿದ್ದ. ಪಾರಿವಾಳ ಸಾಕಿದ್ದ, ಸಿಕ್ಕಾಗಲೆಲ್ಲ ಪೆಪ್ಪರ್‌ಮಿಂಟು ಕೊಡುತ್ತಿದ್ದ, ಹಾಸಿಗೆಯಲ್ಲಿ ಸತ್ತ. ಆ ಪೆಪ್ಪರ್‌ಮಿಂಟಿನ ರುಚಿ ಆಗ ಬಾಯಿಗೆ ಬಂತು. ಅದು ನನಗೆ ಬೇಕಿರಲಿಲ್ಲ.

ತಾತ ನನ್ನ ಕಡೆ ನೋಡಿದ. ಕಣ್ಣಲ್ಲಿ ನೀರೇನೂ ಇರಲಿಲ್ಲ. "ಜೇಬಿಗೆ ಹಾಕ್ಕೋ," ಎಂದ.

"ಏನು?"

"ಮೂವತ್ತಮೂರು, ಮೂವತ್ತೊಂದು. ಅಷ್ಟು ಹೇಳು. ಇವನ್ನ ಜೇಬಿಗೆ ಹಾಕ್ಕೋ. ಅವತ್ತು ತಮ್ಮನಿಗೋಸ್ಕರ ಮಾಡಿದೆ. ಇವತ್ತು ನಿನಗೋಸ್ಕರ. ಆಚೆ ಹೇಳಿದ ಭಾಷಣ ಸುಳ್ಳಲ್ಲ ಮರಿ, ಒಂದೊಂದು ಮಾತೂ ನಿಜ. ಆದರೆ ಇದೂ ನಿಜ."

ಹಾಕಿಕೊಂಡೆ. ನಾನು ಒಳ್ಳೆಯವಳು ಎಂದು ತೋರಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಪಟ್ಟಣದ ಲೈಬ್ರರಿಯಲ್ಲಿ ವಾರಕ್ಕೆ ಐದು ದಿನ ಕೆಲಸ. ಸತ್ತವರು ಸತ್ತಿದ್ದರು. ಸ್ವೆಟರಿನ ಜೇಬು ಕೆಳಕ್ಕೆ ಜಗ್ಗಿತು, ತಣ್ಣನೆಯ ನೀರು ತೊಡೆಗೆ ಇಳಿಯಿತು.

ಹಾಲಿಗೆ ಬಂದು ಓದಿದೆ. "ಹೌದು, ಮೂವತ್ತೊಂದು. ಬೇಡ, ಮೂವತ್ತಮೂರು."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆದ್ದವರೂ ತಟ್ಟಲಿಲ್ಲ. ಪೆಲ್ ಫೈಲು ಮುಚ್ಚಿದ. ಮೊರೀನ್ ಕನ್ನಡಕ ತೆಗೆದು ಒರೆಸಿದಳು. "ಆಯ್ತು ವಿಲ್ಫ್," ಎಂದಳು. "ಸಿದ್ಧಾಂತಕ್ಕೆ ಬೀಗ ನೀನೇ ಹಾಕು. ಕೀಲಿ ಕೌನ್ಸಿಲ್ ಕೊಡುತ್ತೆ."

ಆಮೇಲೆ ಬಿಲ್ಲೆ ಹಿಂದಿರುಗಿಸುವುದು. ವೋಟು ಹಾಕಿದವರೆಲ್ಲ ಬಂದು ತಮ್ಮ ನಂಬರು ಹೇಳಿ ಬಿಲ್ಲೆ ತೆಗೆದುಕೊಂಡು ಹೋಗಬೇಕು. ಒಂದು ಬಿಲ್ಲೆ ಮೇಜಿನ ಮೇಲೆ ಉಳಿದರೂ ಸಭೆ ಮುಗಿಯುವುದಿಲ್ಲ, ಹಾಲಿನ ಬಾಗಿಲು ಹಾಕುವಂತಿಲ್ಲ. ದೀಪದ ಕೋಣೆಯ ನಿಯಮವೇ ಇಲ್ಲಿಗೂ ಬಂದದ್ದು. ಅರವತ್ನಾಲ್ಕು ಜನ ಒಬ್ಬೊಬ್ಬರಾಗಿ ಬಂದು ಹೋದರು. ಮೇಜು ಬರಿದಾಯಿತು.

ಮೊರೀನ್ ಎದ್ದಳು. ಪ್ರತಿ ಸಭೆಯ ಕೊನೆಗೂ ಅಧ್ಯಕ್ಷರು ಮೂರು ಸಲ ಕೇಳಬೇಕು, ಎಣಿಸಿದವರು ಮೂರು ಸಲ ಉತ್ತರಿಸಬೇಕು. ಎಷ್ಟೋ ಸಭೆಯಲ್ಲಿ ಆಕಳಿಸುತ್ತ ಹೇಳಿದ್ದೆ.

"ಕೆಳಗೆ ಯಾರಾದರೂ ಉಳಿದಿದ್ದಾರಾ?"

"ಯಾರೂ ಇಲ್ಲ," ಎಂದೆ.

"ಕೆಳಗೆ ಯಾರಾದರೂ ಉಳಿದಿದ್ದಾರಾ?"

"ಯಾರೂ ಇಲ್ಲ."

"ಕೆಳಗೆ ಯಾರಾದರೂ ಉಳಿದಿದ್ದಾರಾ?"

ಕೊಳವೆ ಬಡಿಯಿತು. ಟಕ್. ಟಕ್. ಟಕ್.

ಬಿಸಿಗೆ ಹಿಗ್ಗುವ ಕಬ್ಬಿಣ ಹಾಗೆ ಬಡಿಯುವುದಿಲ್ಲ. ಮೂರರ ನಡುವೆಯೂ ಒಂದೇ ಅಂತರ, ಕೈಯಲ್ಲಿ ಕಲ್ಲು ಹಿಡಿದು ಬಡಿದ ಹಾಗೆ. ಹಾಲಿನಲ್ಲಿದ್ದ ಮುದುಕರೆಲ್ಲ ಏಕಕಾಲಕ್ಕೆ ತಲೆ ಎತ್ತಿದರು. ಎದ್ದು ಹೊರಟಿದ್ದವರು ನಿಂತರು.

"ಬಾಯ್ಲರು ಉರೀತಾ ಇದೆಯಾ?" ಎಂದು ಪೆಲ್ ಕೇಳಿದ.

"ಎಣ್ಣೆ ಎಲ್ಲಿದೆ? ನೀವೇ ಕಳಿಸಿಲ್ಲವಲ್ಲ," ಎಂದಳು ಮೊರೀನ್, ಅವನ ಕಡೆ ನೋಡದೆ. ನನ್ನನ್ನೇ ನೋಡುತ್ತಿದ್ದಳು. "ಲೀಆನ್. ಮೂರನೆ ಸಲ ಕೇಳಿದ್ದೀನಿ."

ತಾತ ಮೇಜಿನ ಕೊನೆಯಲ್ಲಿ ನಿಂತಿದ್ದ. ತುಟಿ ಅಲ್ಲಾಡಿತು. ಯಾರೂ ಇಲ್ಲ ಅನ್ನು. ನನಗೆ ಓದಲು ಬಂತು. ಆ ಎರಡು ಮಾತು ಹೇಳಲು ಎಷ್ಟು ಸುಲಭ ಎಂದು ಆಗ ಗೊತ್ತಾಯಿತು. ಅವನು ಅವತ್ತು ರಾಕ್ಷಸನಾಗಿರಲಿಲ್ಲ. ನನ್ನ ಹಾಗೇ ಇದ್ದ. ಎರಡು ಸಲ ಹೇಳಿ ಮುಗಿಸಿದ್ದೆ, ಇನ್ನೊಂದು ಸಲ ಅಷ್ಟೇ.

ಜೇಬಿನ ನೀರು ಮೊಣಕಾಲಿಗೆ ಬಂದಿತ್ತು.

"ಒಂಬತ್ತು ಜನ," ಎಂದೆ.

ಬಿಲ್ಲೆಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಡೆರೆಕ್ ಹೈಂಡ್ ಮಾತ್ರ ಗೋಡೆಯ ಬದಿಯಿಂದ ಎದ್ದು ಬಂದ. ಬಗ್ಗಿ ಒಂದೊಂದೇ ನಂಬರು ಓದಿದ. ಐದನೆಯದರ ಬಳಿ ನಿಂತ, ಮುಟ್ಟಲಿಲ್ಲ.

"ಯಾವ ಕಡೆ ಬಿದ್ದಿದ್ದವು?" ಎಂದ.

"ಹೌದು."

"ಹಾಗಾದರೆ ಹೌದಿಗೆ ನಲವತ್ತು. ನಲವತ್ತು, ಮೂವತ್ತಮೂರು."

ಪೆಲ್ ನಕ್ಕ. ಗಾಬರಿಯ ನಗು. "ನೋಡಿ, ಯಾರೋ ತಮಾಷೆ ಮಾಡಿದ್ದಾರೆ. ತೀರಿಕೊಂಡವರ ಹೆಸರಲ್ಲಿ ವೋಟು..."

"ಯಾರು ತೀರಿಕೊಂಡಿದ್ದು?" ಎಂದ ಡೆರೆಕ್. "ದುಂಡು ಬಿಲ್ಲೆ ಹಲಗೆ ಮೇಲಿದ್ದರೆ ಆಳು ಪಾಳಿಯಲ್ಲಿದ್ದಾನೆ ಅಂತ ಲೆಕ್ಕ. ಪಾಳಿಯಲ್ಲಿರೋನು ಸಂಘದ ಸದಸ್ಯ. ನಿಯಮ ಬರೆದೋರು ನಾನಲ್ಲ, ಇವರು. ನನ್ನಂಥೋನ ಬಿಲ್ಲೆ ಎಣಿಸಿದಿರಿ. ಅವರದು ಎಣಿಸೋಕೆ ಏನು ಕಷ್ಟ?"

ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಯಾರೂ ಅವನಿಗೆ ಬಾಯಿ ಮುಚ್ಚು ಎನ್ನಲಿಲ್ಲ.

ಮೊರೀನ್ ನಿಯಮದ ಪುಸ್ತಕ ತೆಗೆಯಲೂ ಇಲ್ಲ. "ವಿಲ್ಫ್, ನೀನು ಕಾರ್ಯದರ್ಶಿ. ಹೇಳು."

ತಾತ ಕೊಳವೆಯ ಬಳಿ ಹೋಗಿ ಕಷ್ಟಪಟ್ಟು ಬಗ್ಗಿ ಕಿವಿ ಇಟ್ಟ. ಹಾಗೇ ಇದ್ದು, ಎಲ್ಲರಿಗೂ ಕೇಳುವಂತೆ ಹೇಳಿದ. "ಅವತ್ತೂ ಕೇಳಿಸಿತ್ತು. ಸುಳ್ಳು ಹೇಳಿದೆ. ಎಣಿಸಿ."

ಎದ್ದು ಬೈಯುವವರು ಇರುತ್ತಾರೆ, ಅಳುವವರು ಇರುತ್ತಾರೆ ಎಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಅರವತ್ತೊಂದು ವರ್ಷ ತಡವಾಗಿತ್ತು. ಡೆರೆಕ್ ತಾತನನ್ನು ಒಮ್ಮೆ ನೋಡಿ ಟೋಪಿ ಹಾಕಿಕೊಂಡು ಹೊರಟ. ಅವನು ಹೋದ ಮೇಲೆ ಜನ ಸಾಲಾಗಿ ಹೊರಗೆ ಹೋದರು. ಒಬ್ಬರೂ ತಾತನ ಹೆಗಲು ಮುಟ್ಟಲಿಲ್ಲ. ಹಲಗೆಯ ಕೆಳಗೆ ಹಾದುಹೋಗುವಾಗ ಗಂಡಸರು ಟೋಪಿ ತೆಗೆದರು, ಆಚೆ ಹೋಗಿ ಹಾಕಿಕೊಂಡರು.

ಮೊರೀನ್ ಕೊನೆಗೆ ಉಳಿದಳು. "ಸಭೆ ಮುಗಿದಿಲ್ಲ," ಎಂದಳು. "ಒಂಬತ್ತು ಬಿಲ್ಲೆ ಮೇಜಿನ ಮೇಲಿವೆ. ತಗೊಂಡು ಹೋಗೋರು ಬರೋವರೆಗೂ ಬಾಗಿಲು ಹಾಕೋಹಾಗಿಲ್ಲ. ಕಾಯೋದು ಯಾರು?"

"ನಾನು," ಎಂದ ತಾತ.

ಕೌನ್ಸಿಲ್ ವಕೀಲರಿಗೆ ಬರೆಯಿತು, ವಕೀಲರು ಕೌನ್ಸಿಲಿಗೆ ಬರೆದರು. ಆ ಒಂಬತ್ತನ್ನು ಕಾಗದದ ಮೇಲೆ ಹೇಗೆ ನಮೂದಿಸುವುದೆಂದು ಯಾರಿಗೂ ತಿಳಿಯಲಿಲ್ಲ. ಅಷ್ಟಕ್ಕೂ ಹಾಲು ಬಿಟ್ಟುಕೊಟ್ಟರೆ ಅವರಿಗೇ ಖರ್ಚು ಕಡಿಮೆ. ಬಿಟ್ಟುಕೊಟ್ಟರು. ಮೇ ತಿಂಗಳಿಂದ ಮೊರೀನಳ ಹೆಂಗಸರು ನಡೆಸುತ್ತಿದ್ದಾರೆ. ತಾತ ಹೇಳಿದ್ದು ಸುಳ್ಳಾಗಲಿಲ್ಲ. ಪಕ್ಕದ ಎರಡು ಊರಿಗೂ ಅದೇ ಪತ್ರ ಹೋಯಿತು, ಸ್ಕೆಲ್‌ಬರ್ನಿನವರು ಮಾಡಿ ತೋರಿಸಿಲ್ಲವೇ ಎಂಬ ಸಾಲಿನ ಸಮೇತ. ಬಸ್ಸು ದಿನಕ್ಕೆರಡಾಯಿತು. ಲೈಬ್ರರಿಯ ಅರ್ಧ ಪುಸ್ತಕ ಕೌನ್ಸಿಲ್ ಒಯ್ದಿತು. ನನ್ನ ವರ್ಗದ ಕಾಗದ ರದ್ದಾಯಿತು. ಈಗ ಹೆದ್ದಾರಿಯ ಬದಿಯ ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುತ್ತೇನೆ. ಅಲ್ಲಿ ಸಂಘವಿಲ್ಲ. ಒಳಗೆ ಹೋಗುವಾಗ ಒಂದು ಕಾರ್ಡು ಒತ್ತಬೇಕು, ಹೊರಬರುವಾಗ ಯಾರೂ ನೋಡುವುದಿಲ್ಲ.

ತಾತ ದಿನಾ ಬೆಳಿಗ್ಗೆ ಹಾಲಿಗೆ ಹೋಗಿ ಆ ಮೇಜಿನ ಹಿಂದೆ ಕೂರುತ್ತಿದ್ದ. ಎದುರಿಗೆ ಒಂದು ಖಾಲಿ ಕುರ್ಚಿ. ಮೇಜಿನ ಮೇಲೆ ಒಂಬತ್ತು ಚೌಕ ಬಿಲ್ಲೆ, ರಿಜಿಸ್ಟರು, ಪೆನ್ಸಿಲು. ಅವನ ಜೊತೆ ಈಗ ಊರಲ್ಲಿ ಯಾರೂ ಕುಡಿಯುತ್ತಿರಲಿಲ್ಲ. ಮೊರೀನ್ ಚಹ ತಂದಿಟ್ಟು ಮಾತಾಡದೆ ಹೋಗುತ್ತಿದ್ದಳು. ಬಿಲ್ಲೆಗಳ ಕೆಳಗಿನ ಮರ ಒಣಗುತ್ತಲೇ ಇರಲಿಲ್ಲ.

ಜೂನ್‌ನ ಒಂದು ಭಾನುವಾರ, ಹನ್ನೆರಡು ಗಂಟೆಗೆ, ಅವನಿಗೆ ಬ್ರೆಡ್ಡು ಮತ್ತು ಹಂದಿಮಾಂಸ ಕಟ್ಟಿಕೊಂಡು ಹೋದೆ. ಬಿಸಿಲು ಕಿಟಕಿಯಿಂದ ನೇರವಾಗಿ ಮೇಜಿನ ಮೇಲೆ ಬಿದ್ದಿತ್ತು. ಹಾಲಿನಲ್ಲಿ ಅವನೊಬ್ಬನೇ.

ಅಭ್ಯಾಸಬಲದಿಂದ ಎಣಿಸಿದೆ. ಎಂಟು.

ಮತ್ತೆ ಎಣಿಸಿದೆ. ಹಲಗೆಯ ಕಡೆ ತಿರುಗಿದೆ. ೨೧೭ರ, ಜಾಸ್ ಕೆಲ್‌ನ, ಕೊಕ್ಕೆ ಬರಿದಾಗಿತ್ತು. ಎದುರಿನ ಕುರ್ಚಿಯ ಮೇಲೆ ಕೂತೆದ್ದಷ್ಟು ಅಗಲ ಒದ್ದೆಯ ಕಪ್ಪು. ರಿಜಿಸ್ಟರಿನಲ್ಲಿ ತಾತನ ಕೈಬರಹದಲ್ಲಿ ನಂಬರು, ಅದರ ಮುಂದೆ ಹೆಬ್ಬೆರಳಿನ ಗುರುತು.

"ಏನಂದ?" ಎಂದೆ. ಬೇರೇನು ಕೇಳಬೇಕೋ ತಿಳಿಯಲಿಲ್ಲ.

"ನಂಬರು ಹೇಳಿದ. ತಗೊಂಡ. ಹೋದ."

"ಮತ್ತೇನೂ ಇಲ್ಲವಾ?"

ತಾತ ಬ್ರೆಡ್ಡಿನ ಪೊಟ್ಟಣ ಬಿಚ್ಚಿದ. ತಿನ್ನಲಿಲ್ಲ. ಪಕ್ಕಕ್ಕೆ ಸರಿಸಿ ಪೆನ್ಸಿಲು ಎತ್ತಿಕೊಂಡ. ಕುರ್ಚಿಯ ಕಡೆಗೆ ನೋಡುತ್ತ ಬೆನ್ನು ನೆಟ್ಟಗೆ ಮಾಡಿ ಕೂತ.

"ಬಾಗಿಲು ತೆರೆದೇ ಇಟ್ಟು ಹೋಗು," ಎಂದ. "ಇನ್ನೂ ಎಂಟು ಜನ ಇದ್ದಾರೆ."